ಕೇಳದೆ ತೆಗೆದ ಫೋಟೋ

ಹೋದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ನಮ್ಮವ್ವನ್ನ ನೋಡಿದೆ. ಗೋಡೆ ಮೇಲೆ ಇದ್ದಳು. ಮೂರಡಿ ಅಗಲ, ಎರಡಡಿ ಎತ್ತರ, ಸುತ್ತ ಕಪ್ಪು ಚೌಕಟ್ಟು. ಪ್ರವೇಶ ಉಚಿತ ಅಂತ ಬೋರ್ಡ್ ಇತ್ತು, ಅದಕ್ಕೇ ಒಳಗೆ ಹೋಗಿದ್ದೆ. ಆರ್.ಟಿ. ನಗರದ ಒಂದು ರಸ್ತೆ, ಹೊತ್ತು ಮೂಡುವ ಸಮಯ, ಎರಡು ಕಡೆ ಮರ. ನಡುವೆ ಬಗ್ಗಿ ನಿಂತ ಹೆಂಗಸು, ಕೈಯಲ್ಲಿ ಉದ್ದ ಪೊರಕೆ. ಅವಳ ಸುತ್ತ ಎದ್ದ ಧೂಳೆಲ್ಲ ಬಂಗಾರ. ಮುಖ ಕಾಣಿಸಲ್ಲ, ಕಪ್ಪು. ನಾನು ಗುರುತು ಹಿಡಿದದ್ದು ರವಿಕೆಯ ತೋಳಿನಿಂದ. ಅದು ಹರಿದಾಗ ನನ್ನ ತಂಗಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಳು.

ಕೆಳಗೆ ಒಂದು ಚೀಟಿ. ಅದರಲ್ಲಿ ಚಿತ್ರದ ಹೆಸರು ಇತ್ತು, ತೆಗೆದವರ ಹೆಸರು ಇತ್ತು, ಕ್ಯಾಮೆರಾ ಯಾವುದು, ಲೆನ್ಸು ಯಾವುದು ಅಂತ ಇತ್ತು, ಬೆಲೆಯೂ ಇತ್ತು. ಕ್ಯಾಮೆರಾಕ್ಕೆ ಹೆಸರಿದೆ, ನಮ್ಮವ್ವನಿಗೆ ಇಲ್ಲ.

ಇದು ಆ ಒಬ್ಬರ ಮೇಲಿನ ದೂರಲ್ಲ. ಅವರು ಕೆಟ್ಟವರಿರಲಾರರು. ನನಗೆ ಜಗಳ ಇರೋದು ಒಂದು ಕಲೆಯ ಪಂಥದ ಜೊತೆ. ಅದಕ್ಕೆ ‘ಕ್ಯಾಂಡಿಡ್’ ಅಂತಾರೆ. ಅಂದ್ರೆ ಬೀದಿಯ ಜನ ತಮಗೆ ಗೊತ್ತಿಲ್ಲದ ಹಾಗೆ ಇರುವಾಗ ತೆಗೆದ ಫೋಟೋ. ಗೊತ್ತಾದರೆ ಜನ ನಟಿಸ್ತಾರೆ, ಗೊತ್ತಾಗದಿದ್ದರೆ ಸತ್ಯ ಸಿಗುತ್ತೆ ಅನ್ನೋದು ಈ ಪಂಥದ ಸಿದ್ಧಾಂತ. ಈ ಸಿದ್ಧಾಂತವನ್ನು ಒಮ್ಮೆ ಪರೀಕ್ಷೆ ಮಾಡಬೇಕು. ಅದನ್ನು ಕ್ಯಾಮೆರಾದ ಹಿಂದಿನವರು ಸಾಕಷ್ಟು ಮಾಡಿದ್ದಾರೆ. ಮುಂದೆ ನಿಂತವರ ಮನೆಯಿಂದಲೂ ಆಗಲಿ.

ಮೊದಲು ಕಸುಬು ನೋಡೋಣ. ಕಸುಬು ತಿಳಿಯದೆ ಬೈಯೋದು ವಿಮರ್ಶೆಯಲ್ಲ. ಬೀದಿಯಲ್ಲಿ ಚಿತ್ರ ತೆಗೆಯೋರು ಫೋಕಸ್ ಹೊಂದಿಸುತ್ತಾ ನಿಲ್ಲಲ್ಲ. ಮೊದಲೇ ಹೊಂದಿಸಿಟ್ಟಿರ್ತಾರೆ. 35 ಮಿ.ಮೀ. ಲೆನ್ಸಿಗೆ ಎಫ್ 8 ಇಟ್ಟು ದೂರವನ್ನು 8 ಅಡಿಗೆ ಕಟ್ಟಿದರೆ, ಸುಮಾರು 6 ಅಡಿಯಿಂದ 15 ಅಡಿಯ ಒಳಗೆ ಬಂದದ್ದೆಲ್ಲ ಸ್ಪಷ್ಟ. ಆಮೇಲೆ ಕಣ್ಣಿಗೆ ಕ್ಯಾಮೆರಾ ಹಿಡಿಯಲೂ ಬೇಕಿಲ್ಲ, ಸೊಂಟದ ಹತ್ತಿರ ಇಟ್ಟು ಒತ್ತಿದರಾಯ್ತು. ಇನ್ನು ಕೆಲವರು ಒಳ್ಳೆ ಬೆಳಕು ಬೀಳುವ ಒಂದು ಗೋಡೆ ಹುಡುಕಿ ಗಾಳ ಹಾಕಿದ ಹಾಗೆ ಕಾಯ್ತಾರೆ, ಯಾರಾದರೂ ಬಂದು ಆ ಬೆಳಕಿಗೆ ಬೀಳಲಿ ಅಂತ. ಫ್ರಾನ್ಸಿನ ಕಾರ್ತಿಯೆ-ಬ್ರೆಸ್ಸೋ ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತುತ್ತಿದ್ದ. 1952ರಲ್ಲಿ ಬಂದ ಅವನ ಪುಸ್ತಕದಿಂದ ‘ನಿರ್ಣಾಯಕ ಕ್ಷಣ’ ಅನ್ನೋ ಮಾತು ಲೋಕಕ್ಕೆಲ್ಲ ಹಬ್ಬಿತು. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಬಚ್ಚಿಟ್ಟು, ಗುಂಡಿಗಳ ಸಂದಿನಲ್ಲಿ ಲೆನ್ಸು ಇಣುಕಿಸಿ, ಒತ್ತುವ ತಂತಿಯನ್ನು ತೋಳಿನೊಳಗೆ ಇಳಿಸಿಕೊಂಡು ಎದುರು ಕೂತವರನ್ನು ತೆಗೆದ. ಆ ಚಿತ್ರಗಳು ಪುಸ್ತಕವಾಗಿದ್ದು 1966ರಲ್ಲಿ. ಅಷ್ಟು ವರ್ಷ ಇಟ್ಟುಕೊಂಡಿದ್ದ ಅಂದರೆ ಅವನಿಗೂ ಎಲ್ಲೋ ಅಳುಕಿತ್ತು ಅಂತ ನಾನು ತಿಳೀತೀನಿ.

ಪಾಲ್ ಸ್ಟ್ರಾಂಡ್ 1916ರಲ್ಲಿ ತೆಗೆದ ಒಂದು ಚಿತ್ರ ಇದೆ. ನ್ಯೂಯಾರ್ಕಿನ ಬೀದಿಯ ಒಬ್ಬ ಕುರುಡಿ, ಕೊರಳಲ್ಲಿ ‘ಕುರುಡಿ’ ಅಂತ ಬರೆದ ಹಲಗೆ. ಆ ಕಾಲದ ಬೀದಿ ಚಿತ್ರಗಳಿಗೆ ಸ್ಟ್ರಾಂಡ್ ಕ್ಯಾಮೆರಾದ ಪಕ್ಕಕ್ಕೆ ಒಂದು ಸುಳ್ಳು ಲೆನ್ಸು ಸಿಕ್ಕಿಸಿಕೊಂಡಿದ್ದ. ಅದು ಬೇರೆ ಕಡೆ ನೋಡ್ತಾ ಇದ್ದರೆ ನಿಜವಾದ ಲೆನ್ಸು ಇವರ ಕಡೆ ನೋಡ್ತಿತ್ತು. ಕಲೆಯ ಚರಿತ್ರೆ ಬರೆದೋರು ಇದನ್ನ ಜಾಣತನ ಅಂತ ಹೊಗಳ್ತಾರೆ. ನಾನು ಓದಿದಾಗ ಒಂದೇ ಮಾತು ತೋಚಿತು: ಕಣ್ಣೇ ಇಲ್ಲದವಳ ಎದುರಿಗೂ ಸುಳ್ಳು ಲೆನ್ಸು ಹೊತ್ತುಕೊಂಡು ನಿಲ್ತಾರಲ್ಲ!

ಈ ಉಪಾಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಇವೆಲ್ಲ ಒಂದೇ ಪ್ರಶ್ನೆಗೆ ಉತ್ತರ. ‘ಯಾಕಪ್ಪ ತೆಗೀತೀಯ?’ ಅನ್ನೋ ಪ್ರಶ್ನೆ ಬಾರದ ಹಾಗೆ ಮಾಡೋದು ಹೇಗೆ?

ಈಗ ಗ್ಯಾಲರಿಗೆ ವಾಪಸ್ ಬರೋಣ. ಆ ಧೂಳು ಬಂಗಾರ ಆದದ್ದು ಹೇಗೆ? ಸೂರ್ಯ ನಮ್ಮ ಬೆನ್ನ ಹಿಂದಿದ್ದರೆ ಗಾಳಿಯ ಧೂಳು ಹೆಚ್ಚು ಕಾಣಲ್ಲ. ಸೂರ್ಯನಿಗೆ ಎದುರಾಗಿ ನಿಂತರೆ ಪ್ರತಿ ಕಣವೂ ಹೊಳೆಯುತ್ತೆ. ಆದರೆ ಹೊಳೆಯುವ ಧೂಳಿಗೆ ಸರಿಯಾಗಿ ಬೆಳಕನ್ನು ಅಳೆದರೆ, ನೆರಳಿನ ಕಡೆ ಇರುವ ಮುಖ ಕಪ್ಪಾಗುತ್ತೆ. ಮುಖಕ್ಕೆ ಅಳೆದರೆ ಧೂಳು ಬೆಳ್ಳಗೆ ಕರಗಿ ಹೋಗುತ್ತೆ. ಎರಡರಲ್ಲಿ ಒಂದನ್ನು ಆರಿಸಬೇಕು. ಆ ಮುಂಜಾನೆ ಆರ್.ಟಿ. ನಗರದಲ್ಲಿ ಯಾರೋ ಒಬ್ಬರು ಅರೆಕ್ಷಣದಲ್ಲಿ ಆರಿಸಿದರು, ಧೂಳು ಬೇಕು ಅಂತ. ನಮ್ಮವ್ವ ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಹಾಕೋ ಧೂಳು ಅದು.

ಇನ್ನೊಂದು ವಿಷಯ. ಚಿತ್ರದಲ್ಲಿ ಹಿಂದಿನ ಮರಗಳು ಅವಳ ಬೆನ್ನಿಗೇ ಅಂಟಿಕೊಂಡಂತೆ ಇದ್ದವು. ಅದು ದೂರದಿಂದ ತೆಗೆದ ಗುರುತು. ಟೆಲಿ ಲೆನ್ಸು. ಹತ್ತಿರ ಬಾರದೆ ಹತ್ತಿರ ಕಾಣಿಸುವ ಉಪಾಯ. ಹಳ್ಳಿಯಲ್ಲಿ ನಮ್ಮಜ್ಜ ನೀರು ಕೇಳಿದಾಗ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರಂತೆ. ನೀರು ತಾಕಬೇಕು, ಕೈ ತಾಕಬಾರದು. ಆ ಲೆನ್ಸಿನ ನಂಬರ್ ಓದುವಾಗ ನನಗೆ ನೆನಪಾದದ್ದು ಅದು.

ನಮ್ಮನ್ನ ಹೀಗೆ ನೋಡಿದವರು ಹೊಸಬರಲ್ಲ. 1868ರಿಂದ 1875ರವರೆಗೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದರು, ಜಾತಿಗೊಂದು ಮಾದರಿ, ಮಾದರಿಗೊಂದು ಫೋಟೋ. 1909ರಲ್ಲಿ ಮದ್ರಾಸಿನಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಈತ ತಲೆ ಮೂಗು ಅಳೆಯುತ್ತಿದ್ದವನು. ಅಲ್ಲಿ ಮನುಷ್ಯನಿಗೆ ಹೆಸರು ಬೇಕಿರಲಿಲ್ಲ, ಜಾತಿ ಹೆಸರು ಸಾಕಿತ್ತು. ಇವತ್ತಿನ ಚೀಟಿಯಲ್ಲಿ ಜಾತಿ ಬರೆಯಲ್ಲ. ಬರೆಯದೇ ಗೊತ್ತಾಗುತ್ತೆ. ಪೊರಕೆ ಇದ್ದ ಮೇಲೆ ಇನ್ನೇನು ಬರೆಯೋದು? ಈ ಊರಲ್ಲಿ ಬೀದಿ ಗುಡಿಸೋರಲ್ಲಿ ಹೆಚ್ಚಿನವರು ಯಾರ ಮನೆ ಹೆಣ್ಣುಮಕ್ಕಳು ಅಂತ ಎಲ್ಲರಿಗೂ ಗೊತ್ತು.

‘ಬೀದಿ ಸಾರ್ವಜನಿಕ, ಯಾರು ಬೇಕಾದರೂ ತೆಗೀಬಹುದು’ ಅಂತ ಒಬ್ಬ ಗೆಳೆಯ ವಾದ ಮಾಡಿದ. ಸರಿ. ಆದರೆ ಬೀದಿಯಲ್ಲಿ ಯಾರು ಇರ್ತಾರೆ? ಹೆಬ್ಬಾಳದ ಕೆರೆ ಕಡೆ ಮುಖ ಮಾಡಿದ ಎತ್ತರದ ಅಪಾರ್ಟ್‌ಮೆಂಟಿನವರು ಉಣ್ಣೋದು, ಮಲಗೋದು, ಅಳೋದು, ಗಂಡ ಹೆಂಡತಿ ಜಗಳ ಆಡೋದು ಎಲ್ಲ ಗೋಡೆ ಒಳಗೆ. ಗೇಟಿನಲ್ಲಿ ಕಾವಲು. ಯಶವಂತಪುರದ ಎಪಿಎಂಸಿ ಯಾರ್ಡಿನ ಹಮಾಲಿ ಉಣ್ಣೋದೂ ಅಲ್ಲೇ, ಮಧ್ಯಾಹ್ನ ಮೂಟೆ ಮೇಲೆ ಮಲಗೋದೂ ಅಲ್ಲೇ. ಗೋಡೆ ಇದ್ದವನದು ಖಾಸಗಿ ಬದುಕು, ಗೋಡೆ ಇಲ್ಲದವನದು ಸಾರ್ವಜನಿಕ ಬದುಕು ಅಂದರೆ ಇದು ಆಸ್ತಿಯ ನ್ಯಾಯ. ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂದರು. ಮನುಷ್ಯ ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಆ ಹಕ್ಕು ಹೋಗಲ್ಲ, ಅದು ಮನುಷ್ಯನಿಗೆ ಸೇರಿದ್ದು, ಜಾಗಕ್ಕಲ್ಲ ಅನ್ನೋ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಇದು ಯಶವಂತಪುರದ ಯಾರ್ಡಿಗೆ ಇನ್ನೂ ಬಂದಿಲ್ಲ. ಅಲ್ಲಿ ಭಾನುವಾರ ಬೆಳಿಗ್ಗೆ ಗುಂಪು ಗುಂಪಾಗಿ ಕ್ಯಾಮೆರಾ ನೇತುಹಾಕಿಕೊಂಡು ಹುಡುಗ ಹುಡುಗಿಯರು ಬರ್ತಾರೆ. ನಮ್ಮಪ್ಪ ಅಲ್ಲೇ ಮೂಟೆ ಹೊತ್ತವನು. ಅವನ ಜೊತೆಯ ಒಬ್ಬ ಹಮಾಲಿ ಒಂದು ದಿನ ಕೈಯಲ್ಲಿದ್ದ ಕೊಕ್ಕೆ ಕೆಳಗಿಟ್ಟು ಕೇಳಿದ: “ಏನ್ ಸಾರ್, ಮನೇಲಿ ನಿಮ್ಮಪ್ಪಂದೂ ಹಿಂಗೇ ಹೊಡೀತೀರಾ, ಅಂಗಿ ಬಿಚ್ಚಿ ಮಲಗಿರೋವಾಗ?” ಹುಡುಗ ನಕ್ಕು ಮುಂದೆ ಹೋದ.

ಹಾಗಾದರೆ ಕೇಳದೆ ತೆಗೆದದ್ದೆಲ್ಲ ತಪ್ಪಾ? ಇಲ್ಲಿ ಅವಸರ ಮಾಡಬಾರದು. 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಆಗಿನ ಸರ್ಕಾರ ಕಟ್ಟಡ ಕಟ್ಟಿಸೋರ ಜೊತೆ ಮಾತಾಡಿದ ಮೇಲೆ ವಲಸೆ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತ್ತು. ಬೈಗುಳ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಆಗ ಹೆದ್ದಾರಿಗಳಲ್ಲಿ ಗಂಟು ಹೊತ್ತು ನಡೆದವರ ಚಿತ್ರಗಳನ್ನು ಯಾರೂ ಅಪ್ಪಣೆ ಕೇಳಿ ತೆಗೆಯಲಿಲ್ಲ. ಆ ಚಿತ್ರಗಳು ಇಲ್ಲದಿದ್ದರೆ ಅವರು ನಡೆದದ್ದೇ ಸುಳ್ಳು ಅಂತಿದ್ದರು. ಅದೇ ತಿಂಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮಂಡಿಯೂರಿ ಕೊಂದಾಗ, ಡಾರ್ನೆಲಾ ಫ್ರೇಜಿಯರ್ ಅನ್ನೋ 17 ವರ್ಷದ ಹುಡುಗಿ ತನ್ನ ಮೊಬೈಲಿನಲ್ಲಿ ಅದನ್ನು ಹಿಡಿದಳು. ಅವಳೂ ಪೊಲೀಸರ ಅಪ್ಪಣೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕ್ಯಾಮೆರಾ ಯಾವ ಕಡೆಯಿಂದ ಯಾವ ಕಡೆ ನೋಡ್ತಾ ಇದೆ ಅನ್ನೋದು ಮುಖ್ಯ. ಕೆಳಗಿನಿಂದ ಮೇಲಕ್ಕೆ ನೋಡಿದಾಗ ಅದು ಸಾಕ್ಷಿ. ಮೇಲಿನಿಂದ ಕೆಳಕ್ಕೆ ನೋಡುವಾಗ ಅದು ಸಾಕ್ಷಿಯೋ ಬೇಟೆಯೋ ಅಂತ ಪ್ರತಿ ಸಲವೂ ಕೇಳಲೇಬೇಕು.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳನ್ನು ಅವರು ಬಾಳಿದ ಜಾಗದಿಂದ ಎಬ್ಬಿಸಲು ಹೊರಟಾಗ, ಅವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಆ ಫೋಟೋಗಳು ನಾಡನ್ನೆಲ್ಲ ತಲೆ ತಗ್ಗಿಸುವಂತೆ ಮಾಡಿದವು. ಅವು ಕದ್ದು ತೆಗೆದವಲ್ಲ. ತಲೆಮಾರುಗಳಿಂದ ಯಾರೂ ನೋಡದೇ ಇದ್ದ ಕೆಲಸವನ್ನು ಹಗಲಲ್ಲಿ, ಎಲ್ಲರ ಎದುರು, ತಾವೇ ತೀರ್ಮಾನ ಮಾಡಿ ಅವರು ತೋರಿಸಿದರು. ಆ ಚಿತ್ರಗಳ ನಿಜವಾದ ಕರ್ತೃಗಳು ಕ್ಯಾಮೆರಾ ಹಿಡಿದವರಲ್ಲ. ‘ನಿರ್ಣಾಯಕ ಕ್ಷಣ’ವನ್ನು ನಿರ್ಣಯಿಸಿದವರು ಅವರೇ.

ಕನ್ನಡದವರು ಈ ಮಾತು ಬಂದಾಗ ಟಿ.ಎಸ್. ಸತ್ಯನ್ ಅವರನ್ನು ನೆನೀತಾರೆ. ನೆನೆಯಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ‘ಡೆಕ್ಕನ್ ಹೆರಾಲ್ಡ್’ನಲ್ಲಿ ದುಡಿದು, 1977ರಲ್ಲಿ ಪದ್ಮಶ್ರೀ ಪಡೆದು, 2009ರಲ್ಲಿ ತೀರಿಹೋದವರು. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಗೋಡೆಗೇ ಹೋದವು. ದೊಡ್ಡವರನ್ನು ಬಿಟ್ಟು ಸಾಮಾನ್ಯರ ಕಡೆ ತಿರುಗಿದ ಕಣ್ಣು ಅದು. ಆ ಚಿತ್ರಗಳಲ್ಲಿ ಪ್ರೀತಿ ಇದೆ, ನನಗೂ ಇಷ್ಟ. ಆದರೆ ನಂತರ ಬಂದವರು ಆ ಪ್ರೀತಿಯನ್ನು ಬಿಟ್ಟು ಬೆಳಕನ್ನು ಮಾತ್ರ ಕಲಿತರು. ಪ್ರೀತಿ ಇದ್ದರೂ ಸಾಲದು ಅಂತ ನನ್ನ ವಾದ. ಡೊರೋಥಿಯಾ ಲ್ಯಾಂಗ್‌ಗೆ ಪ್ರೀತಿ ಇರಲಿಲ್ಲವಾ? 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಿಡಾರದಲ್ಲಿ ಆಕೆ ತೆಗೆದ ‘ವಲಸೆ ತಾಯಿ’ಯನ್ನು ಜಗತ್ತೆಲ್ಲ ನೋಡಿತು. ಆ ತಾಯಿಯ ಹೆಸರನ್ನು ಆಕೆ ಕೇಳಿರಲೇ ಇಲ್ಲ. 1978ರಲ್ಲಿ ಗೊತ್ತಾಯ್ತು: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕಿ ಮೂಲನಿವಾಸಿ ಹೆಣ್ಣು. ಆ ಚಿತ್ರದಿಂದ ತನಗೊಂದು ಪೈಸೆ ಸಿಗಲಿಲ್ಲ, ತೆಗೆಯದೇ ಇದ್ದಿದ್ದರೇ ಚೆನ್ನಾಗಿತ್ತು ಅಂತ ಆಕೆ ನೊಂದುಕೊಂಡಳು. 1998ರಲ್ಲಿ ಅದೇ ಮುಖ ಅಮೆರಿಕದ ಅಂಚೆ ಚೀಟಿಯಾಯಿತು.

ಗ್ಯಾಲರಿಯಿಂದ ಬಂದ ರಾತ್ರಿ ಅವ್ವನಿಗೆ ಹೇಳಿದೆ. ಮೊಬೈಲಿನಲ್ಲಿ ಹಿಡಿದು ತಂದದ್ದು ತೋರಿಸಿದೆ. ಅವಳು ಸಿಟ್ಟಾಗ್ತಾಳೆ ಅಂದ್ಕೊಂಡಿದ್ದೆ. ಬಹಳ ಹೊತ್ತು ನೋಡಿ, “ಆ ಹರಕಲು ರವಿಕೇಲಿ ಯಾಕಪ್ಪ ತೆಗೆದ್ರು? ಒಂದ್ ಮಾತು ಹೇಳಿದ್ರೆ ಕೆಂಪು ಸೀರೆ ಉಟ್ಕೊಂಡು ಹೋಗ್ತಿರ್ಲಿಲ್ವಾ” ಅಂದಳು. ಆಮೇಲೆ ಟ್ರಂಕಿನಿಂದ ಒಂದು ಫೋಟೋ ತೆಗೆದಳು. ಮದುವೆಯಾದ ಹೊಸದರಲ್ಲಿ ಯಶವಂತಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು, ಅಪ್ಪನ ಕೈಯಲ್ಲಿ ಸ್ಟುಡಿಯೋದವರದೇ ವಾಚು. ಇಬ್ಬರೂ ನೆಟ್ಟಗೆ ನಿಂತು ನೇರ ನೋಡ್ತಿದ್ದಾರೆ.

ಕ್ಯಾಂಡಿಡ್ ಪಂಥದವರು ಇದನ್ನ ಸುಳ್ಳು ಫೋಟೋ ಅಂತಾರೆ. ಪೋಸು ಅಂತಾರೆ. ನಾನು ಹೇಳ್ತೀನಿ, ನೆಟ್ಟಗೆ ನಿಲ್ಲೋದಕ್ಕೆ ಬಿಡದ ಊರಿನಿಂದ ಬಂದೋರಿಗೆ ನೆಟ್ಟಗೆ ನಿಂತದ್ದೇ ಸತ್ಯ. ತಲೆಮಾರುಗಳ ಕಾಲ ನೂರಾರು ಫೋಟೋದಲ್ಲಿ ಪೋಸು ಕೊಟ್ಟು ಬೇಸತ್ತವರಿಗೆ ಪೋಸಿಲ್ಲದಿರೋದು ಬಿಡುಗಡೆ ಇರಬಹುದು. ಒಂದೇ ಒಂದು ಫೋಟೋ ಇರೋ ಮನೆಗೆ ಪೋಸು ಒಂದು ಹಕ್ಕು. ನಮ್ಮ ಹಟ್ಟಿಗಳಲ್ಲಿ ಬಾಬಾಸಾಹೇಬರು ಕೋಟು ಟೈ ಹಾಕಿ ನಿಂತಿರೋದು ಸುಮ್ಮನೆ ಅಲ್ಲ.

ಬೇರೆ ದಾರಿ ಇಲ್ಲವಾ ಅಂದರೆ ಇದೆ. ಮಧುರೈ ಕಡೆಯ ಎಂ. ಪಳನಿಕುಮಾರ್ ಮೀನು ಮಾರುವ ತಾಯಿಯ ಮಗ. 2017ರ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು. ಪೌರಕಾರ್ಮಿಕರನ್ನು ಅವರ ಮನೆಯಲ್ಲಿ, ಅವರ ಸಾವಿನಲ್ಲಿ, ಹೆಸರು ಹಿಡಿದು ತೆಗೀತಾರೆ. ಆ ಮನೆಯ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸ್ತಾರೆ. ಆ ಮಕ್ಕಳು ಅವ್ವನನ್ನು ತೆಗೆಯೋಕೆ ಟೆಲಿ ಲೆನ್ಸು ಬೇಕಾಗಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮಾತೂ ಹೇಳಬೇಕು. ಎರಡು ವರ್ಷದ ಹಿಂದೆ ಅವ್ವನ ಪೊರಕೆ ಮೇಲೆ ನಾನೊಂದು ಪದ್ಯ ಬರೆದೆ. ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು, ಶಾಲು ಹಾಕಿದರು. ಅವಳ ಒಡೆದ ಹಿಮ್ಮಡಿಯನ್ನೂ ಅದರಲ್ಲಿ ಹಾಕಿದ್ದೆ. ಅವಳನ್ನ ಕೇಳಿರಲಿಲ್ಲ. ಓದಿ ಹೇಳಿರಲೂ ಇಲ್ಲ. ಅದೂ ಕೇಳದೆ ತೆಗೆದ ಫೋಟೋವೇ. ಆ ರಾತ್ರಿ ಓದಿ ಹೇಳಿದೆ. “ಹಿಮ್ಮಡಿ ಬ್ಯಾಡಾಗಿತ್ತು” ಅಂದಳು. ಆ ಸಾಲು ತೆಗೆದುಬಿಟ್ಟೆ.

ಈ ಲೇಖನ ಬರೆಯುವ ಮುಂಚೆ, ನಿನ್ನ ಹೆಸರು ಹಾಕ್ಲಾ ಅಂತ ಕೇಳಿದೆ. ಚೀಟಿಯಲ್ಲಿ ಇಲ್ಲದ ಹೆಸರು ಇಲ್ಲಾದರೂ ಇರಲಿ ಅಂತ ನನ್ನ ಆಸೆ. ಅವಳು ಬೆಳಿಗ್ಗೆ ಹೊರಡೋ ಅವಸರದಲ್ಲಿದ್ದಳು, ಬೆರಳೊತ್ತಿ ಹಾಜರಿ ಹಾಕೋ ಹೊತ್ತಾಗಿತ್ತು. “ಬ್ಯಾಡ ಕಣಪ್ಪ, ಮೇಸ್ತ್ರಿ ಯಾರ ಕೈಲಾದ್ರೂ ಓದಿಸ್ತಾನೆ. ಪರ್ಮನೆಂಟ್ ಆಗ್ಲಿ, ಆಮೇಲೆ ಹಾಕೀವಂತೆ” ಅಂದಳು. ಅದಕ್ಕೇ ಇಲ್ಲಿ ಹೆಸರು ಇಲ್ಲ.