ಕಾರ್ನಾಡರ ಮದರಾಸಿನ ವರ್ಷಗಳು ಮತ್ತು ಎರಡು ನಾಟಕಗಳು

ಲೇಖಕನೊಬ್ಬ ಭದ್ರವಾದ ಉದ್ಯೋಗವನ್ನು ತೊರೆದು ಬರಹಕ್ಕೆ ತನ್ನನ್ನು ಒಪ್ಪಿಸಿಕೊಂಡ ಸಂಗತಿಯನ್ನು ನಮ್ಮ ಸಾಹಿತ್ಯ ಚರಿತ್ರೆ ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ನಿರೂಪಿಸುತ್ತದೆ. ಬಿಟ್ಟುಬಂದದ್ದು ಬಂಧನ, ಆನಂತರದ್ದು ಬಿಡುಗಡೆ ಎಂಬ ಸರಳ ವಿಭಜನೆ ಅದರ ಹಿಂದಿರುತ್ತದೆ. ಗಿರೀಶ ಕಾರ್ನಾಡರ ವಿಷಯದಲ್ಲಿ ಈ ವಿಭಜನೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ‘ತುಘಲಕ್’ (೧೯೬೪) ಮತ್ತು ‘ಹಯವದನ’ (೧೯೭೧) ನಾಟಕಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ಅವರು ಉದ್ಯೋಗದಲ್ಲಿದ್ದಾಗ ಬಂದ ಕೃತಿ. ಎರಡನೆಯದು ಉದ್ಯೋಗವನ್ನು ಬಿಟ್ಟ ಮೇಲಿನದು.

ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿದ್ದ ಕಾರ್ನಾಡರು ಹಿಂದಿರುಗಿ ೧೯೬೩ರಲ್ಲಿ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸನ್ನು ಸೇರಿದರು; ೧೯೭೦ರಲ್ಲಿ ಆ ಹುದ್ದೆಯನ್ನು ಬಿಟ್ಟರು. ಕನ್ನಡದಲ್ಲಿ ನಾಟಕ ಬರೆದೇ ಜೀವನ ಸಾಗಿಸುವುದು ಅಂದು ಸುಲಭಸಾಧ್ಯವಾಗಿರಲಿಲ್ಲವಾದ್ದರಿಂದ ನಿರ್ಧಾರದಲ್ಲಿ ಅಪಾಯವಿತ್ತೆಂಬುದು ನಿಜ. ಆದರೆ ಅವರು ಕಾಲಿಟ್ಟದ್ದು ಶೂನ್ಯಕ್ಕಲ್ಲ. ೧೯೭೦-೭೨ರ ಅವಧಿಗೆ ಹೋಮಿ ಭಾಭಾ ಫೆಲೋಷಿಪ್ ಇತ್ತು. ‘ಯಯಾತಿ’ಯನ್ನು (೧೯೬೧) ಪ್ರಕಟಿಸಿದ್ದ ಧಾರವಾಡದ ಮನೋಹರ ಗ್ರಂಥಮಾಲೆಯ ಬೆಂಬಲವಿತ್ತು. ಮದರಾಸಿನ ಹವ್ಯಾಸಿ ರಂಗಭೂಮಿಯ ಒಡನಾಟವಿತ್ತು. ಅವರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದ ‘ಸಂಸ್ಕಾರ’ (೧೯೭೦) ಚಿತ್ರಕ್ಕೂ ಆ ಒಡನಾಟ ಒದಗಿಬಂತು. ಇನ್ನೂ ಗಮನಾರ್ಹವಾದುದೆಂದರೆ, ಅವರೇ ಮಾಡಿದ ‘ತುಘಲಕ್’ (೧೯೭೨) ಮತ್ತು ‘ಹಯವದನ’ (೧೯೭೫) ಇಂಗ್ಲಿಷ್ ಅನುವಾದಗಳನ್ನು ಹೊರತಂದದ್ದು ಅವರು ಬಿಟ್ಟುಬಂದ ಪ್ರಕಾಶನ ಸಂಸ್ಥೆಯೇ. ಹುದ್ದೆಯ ಸಂಬಂಧ ಮುಗಿದರೂ ಅಲ್ಲಿ ಬೆಳೆದ ಸಂಬಂಧ ಮುಗಿಯಲಿಲ್ಲ.

ಈ ಹಿನ್ನೆಲೆಯಲ್ಲಿ ‘ತುಘಲಕ್’ ನಾಟಕವನ್ನು ನೋಡಬಹುದು. ಹೊಸದನ್ನು ಬುಡದಿಂದ ಕಟ್ಟಬೇಕೆಂಬ ಹಂಬಲದ ದುರಂತ ಅದು. ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ ಹೋಗಬೇಕು; ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಬರಬೇಕು; ಮತಭೇದವಿಲ್ಲದ ನ್ಯಾಯ ನೆಲೆಗೊಳ್ಳಬೇಕು. ಸುಲ್ತಾನನ ಕನಸುಗಳಲ್ಲಿ ಸಣ್ಣತನವಿಲ್ಲ. ಆದರೆ ತಾನು ಬಿಡಲು ಸಿದ್ಧನಾದುದನ್ನು ಪ್ರಜೆಗಳೆಲ್ಲರೂ ಬಿಡಬೇಕೆಂದು ಆತ ವಿಧಿಸುತ್ತಾನೆ. ಜನರಿಗೆ ದಿಲ್ಲಿಯೆಂದರೆ ಆಡಳಿತದ ಕೇಂದ್ರ ಮಾತ್ರವಲ್ಲ, ನೆನಪಿನ ನೆಲೆ. ಅವನ ಲೆಕ್ಕಾಚಾರದಲ್ಲಿ ಆ ನೆನಪಿಗೆ ಸ್ಥಾನವಿಲ್ಲ. ಹೊಸ ರಾಜಧಾನಿಯಲ್ಲಿ ಕೊನೆಗೆ ಉಳಿಯುವುದು ಖೋಟಾ ನಾಣ್ಯಗಳ ರಾಶಿ ಮತ್ತು ನಿದ್ರೆಯಿಲ್ಲದ ಒಬ್ಬ ದೊರೆ.

ಸುಲ್ತಾನನ ಎದುರಿಗೆ ಅಗಸನಾದ ಅಜೀಜನಿದ್ದಾನೆ. ಅವನೂ ಕುಲವೃತ್ತಿಯನ್ನು ಬಿಟ್ಟು ತನ್ನನ್ನು ಹೊಸದಾಗಿ ನಿರ್ಮಿಸಿಕೊಳ್ಳುವವನೇ. ಒಮ್ಮೆ ಬ್ರಾಹ್ಮಣ, ಮತ್ತೊಮ್ಮೆ ಖಲೀಫರ ವಂಶಸ್ಥ. ಪ್ರತಿ ಸಲವೂ ಹಿಂದಿನ ಗುರುತು ಅಳಿಸಿಹೋಗುತ್ತದೆ. ಸುಲ್ತಾನನಿಗೆ ಸಾಧ್ಯವಾಗದ ‘ಶೂನ್ಯದಿಂದ ಆರಂಭ’ ಅಜೀಜನಿಗೆ ಸಾಧ್ಯವಾಗುವುದು ವಂಚನೆಯ ಮೂಲಕ ಎಂಬುದು ನಾಟಕದ ಕಟು ವ್ಯಂಗ್ಯ. ನಿಜವಾದ ಅರ್ಥದಲ್ಲಿ ಸ್ಥಾನವನ್ನು ತೊರೆಯುವವನು ಇತಿಹಾಸಕಾರ ಬರನಿ. ತಾಯಿಯ ಸಾವಿನ ಸುದ್ದಿ ಬಂದಾಗ ಅವನು ಆಸ್ಥಾನವನ್ನು ಬಿಟ್ಟು ಹೊರಡುತ್ತಾನೆ. ಅದು ಹೊಸದನ್ನು ಕಟ್ಟುವ ಹಮ್ಮಿಲ್ಲದ ನಿರ್ಗಮನ.

‘ಹಯವದನ’ದಲ್ಲಿ ಇದೇ ಪ್ರಶ್ನೆ ಅರಮನೆಯಿಂದ ದೇಹಕ್ಕೆ ಸ್ಥಳಾಂತರಗೊಳ್ಳುತ್ತದೆ. ತಲೆಗಳು ಅದಲುಬದಲಾದ ಮೇಲೆ ಕಪಿಲ ಎಲ್ಲವನ್ನೂ ಬಿಟ್ಟು ಕಾಡಿಗೆ ಹೋಗುತ್ತಾನೆ. ದೇವದತ್ತನಿಂದ ಬಂದ ಮೆತ್ತನೆಯ ಮೈಯನ್ನು ದುಡಿಸಿ, ದಂಡಿಸಿ ತನ್ನದಾಗಿಸಿಕೊಳ್ಳುತ್ತಾನೆ. ಸಂಕಲ್ಪದ ಮಟ್ಟದಲ್ಲಿ ಇದು ಸಂಪೂರ್ಣ ಗೆಲುವು. ಆದರೆ ಪದ್ಮಿನಿ ಮಗುವಿನೊಂದಿಗೆ ಕಾಡಿಗೆ ಬಂದಾಗ, ಹೂತುಹಾಕಿದ್ದೆನೆಂದು ಅವನು ತಿಳಿದಿದ್ದುದೆಲ್ಲ ಮತ್ತೆ ಏಳುತ್ತದೆ. ತಲೆಗೆ ಪರಿಚಯವಿಲ್ಲದ ಸ್ಪರ್ಶಗಳನ್ನು ಮೈ ನೆನಪಿಟ್ಟುಕೊಂಡಿದೆ. ಪೂರ್ಣ ಕುದುರೆಯಾದ ಹಯವದನನಿಗೂ ಮನುಷ್ಯಧ್ವನಿ ಉಳಿದುಬಿಡುವುದು ಇದೇ ಅರ್ಥವನ್ನು ಹಾಸ್ಯದ ನೆಲೆಯಲ್ಲಿ ಪುನರುಚ್ಚರಿಸುತ್ತದೆ. ವ್ಯತ್ಯಾಸವಿಷ್ಟೆ: ತುಘಲಕನು ನೆನಪನ್ನು ಅಡ್ಡಿಯೆಂದು ಬಗೆದ, ‘ಹಯವದನ’ದಲ್ಲಿ ನೆನಪು ಮನುಷ್ಯನ ಲಕ್ಷಣವೇ ಆಗಿದೆ.

‘ಹಯವದನ’ದ ವಸ್ತು ಬೇತಾಳ ಕಥೆಗಳಿಂದಲೂ ಥಾಮಸ್ ಮನ್‌ನ ಕಾದಂಬರಿಯಿಂದಲೂ ಬಂದದ್ದು, ಅದರಲ್ಲಿ ಲೇಖಕನ ರಾಜೀನಾಮೆಯನ್ನು ಹುಡುಕುವುದು ಅತಿಯೆನಿಸದೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆಕ್ಷೇಪ ಸಾಧುವಾದುದೇ. ಕೃತಿಯನ್ನು ಆತ್ಮಕಥೆಗೆ ಇಳಿಸುವುದು ಇಲ್ಲಿನ ಇಂಗಿತವಲ್ಲ. ಜೀವನವೃತ್ತಾಂತಕ್ಕಿಂತ ಹೆಚ್ಚು ನೆಚ್ಚಬಹುದಾದ ಸಾಕ್ಷ್ಯ ನಾಟಕದ ಆಕೃತಿಯಲ್ಲಿದೆ. ಉದ್ಯೋಗ ತೊರೆದ ನಾಟಕಕಾರ ಆಧುನಿಕ ರಂಗಭೂಮಿಗೆ ಹೊಸ ರೂಪವೊಂದನ್ನು ತಂದನೆನ್ನುತ್ತೇವೆ. ಆ ಹೊಸ ರೂಪದ ಸಾಮಗ್ರಿ ಯಾವುದು? ಗಣೇಶಸ್ತುತಿ, ಭಾಗವತ, ಅರ್ಧಪರದೆ, ಮುಖವಾಡ. ಇವೆಲ್ಲ ಸಾಂಪ್ರದಾಯಿಕ ರಂಗಭೂಮಿಯಿಂದ ಬಂದವು. ಶಿರಸಿಯಲ್ಲಿ ಕಳೆದ ಬಾಲ್ಯದಲ್ಲಿ ಕಾರ್ನಾಡರು ಕಂಡ ಯಕ್ಷಗಾನ ಅದರಲ್ಲೊಂದು. ಆಕ್ಸ್‌ಫರ್ಡ್ ಮತ್ತು ಮದರಾಸುಗಳನ್ನು ಹಾದುಬಂದ ತಲೆಗೆ ಶಿರಸಿಯ ಮೈ ತನ್ನ ನೆನಪನ್ನು ಒಪ್ಪಿಸಿತು. ಹೊಸದು ಕಟ್ಟಲ್ಪಟ್ಟದ್ದು ಹಳೆಯದನ್ನು ಅಳಿಸಿದ್ದರಿಂದಲ್ಲ, ಅದಕ್ಕೆ ಮರಳಿ ಕಿವಿಗೊಟ್ಟದ್ದರಿಂದ.

ಹೊರನಾಡಿನ ಕನ್ನಡ ಅಧ್ಯಯನಕ್ಕೆ ಈ ವಿಚಾರ ವಿಶೇಷವಾಗಿ ಪ್ರಸ್ತುತ. ಕನ್ನಡ ಲೇಖಕರು ಮುಂಬಯಿ, ಮದರಾಸು, ದಿಲ್ಲಿಗಳಲ್ಲಿ ದುಡಿದ ವರ್ಷಗಳು ಸಾಹಿತ್ಯ ಚರಿತ್ರೆಗಳಲ್ಲಿ ಕೇವಲ ವೃತ್ತಿವಿವರವಾಗಿ ಉಳಿದಿವೆ. ಸೃಷ್ಟಿಯ ಚರಿತ್ರೆ ಅವರು ಹುದ್ದೆ ಬಿಟ್ಟ ದಿನದಿಂದ ಆರಂಭವಾಗುತ್ತದೆಂಬ ಭಾವನೆ ಬೇರೂರಿದೆ. ಆದರೆ ‘ತುಘಲಕ್’ ಹುಟ್ಟಿದ್ದು ಆ ಹುದ್ದೆಯ ದಿನಗಳಲ್ಲೇ. ಭದ್ರತೆಯನ್ನು ತೊರೆಯುವ ಧೈರ್ಯಕ್ಕೆ ಗೌರವ ಸಲ್ಲಬೇಕು. ಆ ಗೌರವಕ್ಕಾಗಿ ಭದ್ರತೆಯ ವರ್ಷಗಳನ್ನು ಬಂಜರೆಂದು ಘೋಷಿಸಬೇಕಾಗಿಲ್ಲ. ಪ್ರಕಾಶನದ ಕಚೇರಿ, ಹವ್ಯಾಸಿ ತಂಡ, ಪರಭಾಷೆಯ ನೆರೆಹೊರೆ ಇವು ಕೃತಿಯೊಳಗೆ ಹೇಗೆ ಕೆಲಸಮಾಡಿವೆ ಎಂಬುದನ್ನು ಪಠ್ಯದ ಆಧಾರದಿಂದಲೇ ಶೋಧಿಸುವ ಕೆಲಸ ನಡೆಯಬೇಕಾಗಿದೆ; ಆ ಊರುಗಳಲ್ಲೇ ಇರುವ ಸಂಶೋಧಕರಿಗೆ ಅದು ಹೆಚ್ಚು ಸಾಧ್ಯ.