ಮದುವೆಯ ಆಲ್ಬಮ್ಮಿಗೊಬ್ಬ ವಿಮರ್ಶಕ

ನಮ್ಮಲ್ಲಿ ಕಾದಂಬರಿಗೆ ವಿಮರ್ಶಕರಿದ್ದಾರೆ, ನಾಟಕಕ್ಕಿದ್ದಾರೆ. ಸಂಗೀತ ಕಛೇರಿಗಂತೂ ಮುಂದಿನ ಸಾಲಿನಲ್ಲಿ ಕುಳಿತ ಪ್ರತಿಯೊಬ್ಬರೂ ವಿಮರ್ಶಕರೇ. ಆದರೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿರುವ ಮದುವೆಯ ಆಲ್ಬಮ್ಮಿಗೆ ವಿಮರ್ಶಕರಿಲ್ಲ. ಬಂದ ನೆಂಟರಿಗೆಲ್ಲ ತೋರಿಸುವ, ಯಾವ ಪುಸ್ತಕಕ್ಕಿಂತಲೂ ಹೆಚ್ಚು ಸಲ ತಿರುವಿಹಾಕುವ ಈ ಕೃತಿಯನ್ನು ‘ಚೆನ್ನಾಗಿ ಬಂದಿದೆ’, ‘ಅಯ್ಯೋ, ಕಣ್ಣು ಮುಚ್ಚಿಬಿಟ್ಟಿದ್ದಾಳೆ’ ಎಂಬ ಎರಡು ಮಾತುಗಳಲ್ಲಿ ಮುಗಿಸಿಬಿಡುತ್ತೇವೆ. ಅದನ್ನು ತಯಾರಿಸಿಕೊಟ್ಟ ಸ್ಟುಡಿಯೋ ಹೇಗೆ ಬೆಳೆಯಿತು, ಬೆಳೆಯುತ್ತ ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂದು ಕೇಳುವುದು ಊರು ಬಿಟ್ಟು ಬಂದ ನಮ್ಮಂಥವರಿಗೆ ಅಪ್ರಸ್ತುತವೇನಲ್ಲ.

ನಮ್ಮ ದೇಶದಲ್ಲಿ ಸ್ಟುಡಿಯೋ ಎಂಬುದು ಬಹುಪಾಲು ಮನೆತನದ ಕಸುಬು. ಇಂದೂರಿನಲ್ಲಿ ಸರ್ಕಾರಿ ನಕ್ಷೆಗಾರರಾಗಿದ್ದ ಲಾಲಾ ದೀನ್ ದಯಾಳರು ಛಾಯಾಗ್ರಹಣಕ್ಕೆ ಬಂದು, ನಿಜಾಮರ ಆಶ್ರಯ ಪಡೆದು, ಸಿಕಂದರಾಬಾದಿನಲ್ಲೂ ಮುಂಬಯಿಯಲ್ಲೂ ಸ್ಟುಡಿಯೋ ನಡೆಸಿದರು. ಮಕ್ಕಳೂ ಅದೇ ಕಸುಬಿಗೆ ಬಂದರು. ಅವರ ಜಾಣ್ಮೆ ಕಾಣುವುದು ಅರಮನೆಯ ಚಿತ್ರಗಳಲ್ಲಿ ಮಾತ್ರವಲ್ಲ. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ಕೈಗೆ ಒಪ್ಪಿಸಿದರು. ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಬಂದು ಕೂರುವಂತಾದ ಮೇಲೆಯೇ ಸ್ಟುಡಿಯೋ ಕುಟುಂಬದ್ದಾಗುತ್ತದೆ ಎಂಬ ಗುಟ್ಟನ್ನು ಅವರು ಆಗಲೇ ಕಂಡುಕೊಂಡಿದ್ದರು. ಆದರೆ 1905ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥೆಗೆ ಹಿಂದಿನ ವೈಭವ ಉಳಿಯಲಿಲ್ಲ. ಆಶ್ರಯದಾತನನ್ನು ನೆಚ್ಚಿ ಬೆಳೆದದ್ದು ಆಶ್ರಯದೊಡನೆಯೇ ಕುಗ್ಗುತ್ತದೆ.

ಇದಕ್ಕೆ ಪ್ರತಿಯಾಗಿ ದಿಲ್ಲಿಯ ಮಹಟ್ಟಾ ಮನೆತನವನ್ನು ನೋಡಿ. 1915ರಲ್ಲಿ ಶ್ರೀನಗರದಲ್ಲಿ ಅಣ್ಣತಮ್ಮಂದಿರು ಆರಂಭಿಸಿದ ಅಂಗಡಿ 1948ರಲ್ಲಿ ದಿಲ್ಲಿಯ ಕನಾಟ್ ಪ್ಲೇಸಿಗೆ ಬಂತು. ಎರಡನೆಯ ತಲೆಮಾರಿನ ಮದನ್ ಮಹಟ್ಟಾ ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲಿ ವಿದ್ಯೆ ಕಲಿತು 1950ರ ದಶಕದಲ್ಲಿ ಮರಳಿ, ಮನೆಯ ಕಸುಬಿಗೆ ಬಣ್ಣದ ಸಂಸ್ಕರಣವನ್ನು ತಂದರು. ಜೊತೆಗೆ ಹೊಸ ದಿಲ್ಲಿಯ ಕಟ್ಟಡಗಳನ್ನು ಚಿತ್ರಿಸಿ ಹೆಸರಾದರು. ಅಪ್ಪನ ಕತ್ತಲಕೋಣೆಗೆ ಮಗ ಹೊಸ ವಿದ್ಯೆ ತಂದರೆ ಮಾತ್ರ ಅಂಗಡಿಗೆ ಎರಡನೆಯ ಆಯುಸ್ಸು. ನಮ್ಮ ಬೆಂಗಳೂರಿನಲ್ಲಿ 1910ರಲ್ಲಿ ಹುಟ್ಟಿದ ಜಿ. ಕೆ. ವೇಲ್ ಸಂಸ್ಥೆಯ ಹೆಸರೂ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ, ಬಣ್ಣದಿಂದ ಡಿಜಿಟಲ್ಲಿಗೆ ದಾಟಿ ಬಂದದ್ದು ಹೀಗೆಯೇ.

ಇವು ದೊಡ್ಡ ಊರಿನ ದೊಡ್ಡ ಹೆಸರುಗಳಾದವು. ಪಾಂಡೇಸರಾದಂಥ ಜಾಗಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ, ಸೂರತ್ತಿನಿಂದ ವಡೋದರ, ರತ್ಲಾಮ್ ದಾಟಿ ದಿಲ್ಲಿಗೆ ಹೋಗುವ ರೈಲುದಾರಿಯಲ್ಲಿ ಸಿಗುವ ನಾಗದಾ ಇದೆ. ಇಲ್ಲಿ ಬಟ್ಟೆಗೆ ಬಣ್ಣ, ಅಚ್ಚು ಹಾಕುವ ಕಾರ್ಖಾನೆಗಳಿದ್ದರೆ ಅಲ್ಲಿ ನೂಲಿಗೆ ಬೇಕಾದ ಕೃತಕ ನಾರಿನ ಕಾರ್ಖಾನೆ. ಅಲ್ಲಿ ಸುರೇಶ್ ಪಂಜಾಬಿಯವರು 1979ರಿಂದ ನಡೆಸಿದ ‘ಸುಹಾಗ್ ಸ್ಟುಡಿಯೋ’ದ ಚಿತ್ರಗಳನ್ನು ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ವರ್ಷಗಟ್ಟಲೆ ಅಭ್ಯಸಿಸಿದರು, 2013ರಲ್ಲಿ ಇಬ್ಬರೂ ಸೇರಿ ಅದನ್ನು ಪುಸ್ತಕವನ್ನಾಗಿಯೂ ತಂದರು. ಜನ ಸ್ಟುಡಿಯೋಕ್ಕೆ ಬರುವುದು ತಾವು ಇರುವಂತೆ ಕಾಣಲು ಅಲ್ಲ, ಇರುವುದಕ್ಕಿಂತ ಚೆನ್ನಾಗಿ ಕಾಣಲು ಎಂಬುದು ಪಿನ್ನಿಯವರ ಮುಖ್ಯ ಮಾತು. ದಿನವಿಡೀ ಯಂತ್ರದ ಮುಂದೆ ನಿಲ್ಲುವವನು ಒಂದು ಗಳಿಗೆ ಕೋಟು ತೊಟ್ಟು, ಟೆಲಿಫೋನು ಹಿಡಿದು, ಬಣ್ಣದ ಪರದೆಯ ಮುಂದೆ ಬೇರೊಬ್ಬನಾಗುತ್ತಾನೆ. ನಾವು ಇದನ್ನು ಕಂಡು ನಗುವುದುಂಟು. ನಗಬಾರದು. ಊರಿನಲ್ಲಿರುವ ತಾಯಿಗೆ ಆ ಚಿತ್ರವೇ ಪತ್ರ. ‘ನಾನಿಲ್ಲಿ ಚೆನ್ನಾಗಿದ್ದೇನೆ’ ಎಂಬ ಒಕ್ಕಣೆ ಅದರಲ್ಲಿದೆ.

ಹಾಗೆಂದು ಸ್ಟುಡಿಯೋ ಮಾಡಿದ್ದೆಲ್ಲವನ್ನೂ ಮೆಚ್ಚಬೇಕಾಗಿಲ್ಲ. ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆಗಳನ್ನು ಅಳಿಸುವ ಕೆಲಸ ಸೂಕ್ಷ್ಮವಾದ ಕಲೆಯೇ ಸರಿ. ಆದರೆ ಅದೇ ಪೆನ್ಸಿಲ್ ವಯಸ್ಸನ್ನೂ ಅಳಿಸಿ, ಮೈಬಣ್ಣವನ್ನೂ ತಿದ್ದಿ, ಅಜ್ಜಿಯನ್ನು ಗುರುತೇ ಸಿಗದಂತೆ ಮಾಡಿತು. ಗಂಡ ಕುರ್ಚಿಯಲ್ಲಿ, ಹೆಂಡತಿ ಹಿಂದೆ ನಿಂತು ಕುರ್ಚಿಯ ಮೇಲೆ ಕೈ ಎಂಬ ಒಂದೇ ಭಂಗಿ ಸಾವಿರಾರು ದಂಪತಿಗಳನ್ನು ಒಂದೇ ಅಚ್ಚಿಗೆ ಹಾಕಿತು. ಆದರೂ ಆ ಕಾಲದ ಬಡತನದಲ್ಲಿ ಒಂದು ಶಿಸ್ತಿತ್ತು. 120ರ ಫಿಲ್ಮ್ ಸುರುಳಿಯಲ್ಲಿ ಚೌಕಾಕಾರದ ಚಿತ್ರಗಳು ಬರುತ್ತಿದ್ದುದು ಹನ್ನೆರಡೇ. ಮೂರು ನಾಲ್ಕು ಸುರುಳಿಯಲ್ಲಿ ಮದುವೆ ಮುಗಿಯಬೇಕು. ಯಾವ ಕ್ಷಣ ಬೇಕು, ಯಾವುದು ಬೇಡ ಎಂಬ ವಿವೇಚನೆ ಗುಂಡಿ ಒತ್ತುವ ಮೊದಲೇ ನಡೆಯುತ್ತಿತ್ತು. ಈಗ ಒಂದು ಮದುವೆಗೆ ಸಾವಿರಗಟ್ಟಲೆ ಚಿತ್ರ. ಆರಿಸುವವರು ಯಾರೂ ಇಲ್ಲ. ಆರಿಸದಿದ್ದ ಮೇಲೆ ಅದು ಆಲ್ಬಮ್ ಅಲ್ಲ, ಉಗ್ರಾಣ.

ಇನ್ನು ಬಣ್ಣದ ವಿಷಯ. ಚೆನ್ನಾಗಿ ತೊಳೆದು ಒಣಗಿಸಿದ ಕಪ್ಪು-ಬಿಳುಪು ಚಿತ್ರದಲ್ಲಿರುವುದು ಬೆಳ್ಳಿ. ಅದು ನೂರು ವರ್ಷವಾದರೂ ಇರುತ್ತದೆ. 1970ರ ದಶಕದ ಬಣ್ಣದ ಚಿತ್ರಗಳಲ್ಲಿರುವುದು ರಾಸಾಯನಿಕ ವರ್ಣ. ಕತ್ತಲಲ್ಲಿ ಇಟ್ಟರೂ ಅದರ ನೀಲಿ-ಹಸಿರು ಅಂಶ ಕರಗಿ, ಉಳಿದದ್ದು ಕೆಂಪಗಾಗುತ್ತದೆ. ಹೀಗಾಗಿ ಅಜ್ಜಿಯ ಮದುವೆ ಸ್ಪಷ್ಟವಾಗಿದೆ, ಅಮ್ಮನ ಮದುವೆ ಕೆಂಪು ಮಂಜಿನಲ್ಲಿ ಮುಳುಗುತ್ತಿದೆ. ಹಾಳೆಯ ಮೇಲೆ ಅಂಟು ಬಳಿದು ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್ಮುಗಳು ಈ ಹಾನಿಯನ್ನು ಇನ್ನೂ ಹೆಚ್ಚಿಸಿದವು.

ಹೊರನಾಡಿನಲ್ಲಿ ನಡೆಯುವ ನಮ್ಮ ಮದುವೆಗಳಲ್ಲಿ ಇನ್ನೊಂದು ತೊಡಕಿದೆ. ಗುಜರಾತಿನ ಛಾಯಾಗ್ರಾಹಕನಿಗೆ ಅಂತರಪಟ ಹೊಸದಲ್ಲ, ಅವರಲ್ಲೂ ಅದುಂಟು. ಆದರೆ ಹಸ್ತಮೇಳಾಪ್, ನಾಲ್ಕು ಫೇರಾ ಎಂದು ಅವನ ಕಣ್ಣು ಕಾದಿರುತ್ತದೆ. ನಮ್ಮ ಹಲವು ಸಮುದಾಯಗಳಲ್ಲಿ ಅಂತರಪಟ ಸರಿದೊಡನೆ ಜೀರಿಗೆ ಬೆಲ್ಲ, ಆಮೇಲೆ ಧಾರೆ. ತಂದೆತಾಯಿ ಎರೆದೊಡನೆ ಧಾರೆ ಮುಗಿಯಿತೆಂದು ಅವನು ತಿರುಗಿಬಿಟ್ಟರೆ, ಸಾಲಾಗಿ ನಿಂತು ಎರೆಯುವ ಸೋದರಮಾವ, ಅತ್ತೆ, ಚಿಕ್ಕಪ್ಪ, ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಬಂದ ದೊಡ್ಡಮ್ಮ ಇವರೆಲ್ಲ ಆಲ್ಬಮ್ಮಿನಿಂದಲೇ ಹೊರಗೆ. ದೋಷ ಅವನದಲ್ಲ, ಹೇಳದೆ ಹೋದ ನಮ್ಮದು. ಮುಹೂರ್ತದ ಹಿಂದಿನ ದಿನ ಮನೆಯ ಹಿರಿಯರೊಬ್ಬರು ಅವನನ್ನು ಕೂರಿಸಿಕೊಂಡು ಶಾಸ್ತ್ರಗಳ ಕ್ರಮವನ್ನೂ, ತಪ್ಪದೆ ಹಿಡಿಯಬೇಕಾದ ಹತ್ತು ಮುಖಗಳನ್ನೂ ತಿಳಿಸಿದರೆ ಸಾಕು. ಡ್ರೋನಿನ ಬಾಡಿಗೆಗಿಂತ ಇದು ಅಗ್ಗ, ಫಲವೂ ಹೆಚ್ಚು.

ಕಡೆಯದಾಗಿ ಸ್ಟುಡಿಯೋದ ನಿಜವಾದ ಆಸ್ತಿಯ ಮಾತು. ಅದು ಕ್ಯಾಮರಾ ಅಲ್ಲ, ಗಾಜಿನ ಬಾಗಿಲಲ್ಲ. ಅಟ್ಟದ ಮೇಲಿನ ನೆಗೆಟಿವ್‌ಗಳು. ಮಗ ಬೇರೆ ಉದ್ಯೋಗ ಹಿಡಿದು ಅಂಗಡಿ ಮುಚ್ಚಿದ ದಿನ ಅವು ಗುಜರಿಗೆ ಹೋಗುತ್ತವೆ; ಅವುಗಳೊಡನೆ ಒಂದು ಪೇಟೆಯ ಮೂರು ತಲೆಮಾರಿನ ಮುಖಗಳೂ ಹೋಗುತ್ತವೆ. ತಮಿಳುನಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಹುಡುಕಿ ಪ್ರತಿ ತೆಗೆದಿರಿಸುವ ಕೆಲಸ ಮಾಡಿದ್ದಾರೆ. ಅಷ್ಟು ದೊಡ್ಡ ಕೆಲಸ ನಮ್ಮ ಸಂಘಗಳಿಗೆ ಸಾಧ್ಯವಾಗದಿರಬಹುದು. ಆದರೆ ಪ್ರತಿ ಮನೆಯೂ ತನ್ನ ಆಲ್ಬಮ್ಮಿನಿಂದ ಇಪ್ಪತ್ತು ಚಿತ್ರ ಆರಿಸಿ, ಪ್ರತಿ ತೆಗೆಸಿ, ಮೂಲದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಯಾರು, ಯಾವ ಊರು, ಯಾವ ವರ್ಷ ಎಂದು ಕನ್ನಡದಲ್ಲಿ ಬರೆದಿಡಬಹುದು. ಆ ಹೆಸರುಗಳನ್ನು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಇದಾಗಬೇಕು. ಇಪ್ಪತ್ತನ್ನು ಆರಿಸಲು ಕುಳಿತಾಗ ಮನೆಯಲ್ಲಿ ಜಗಳ ಹುಟ್ಟಿದರೆ ಚಿಂತೆಯಿಲ್ಲ. ವಿಮರ್ಶೆ ಆರಂಭವಾಯಿತೆಂದು ತಿಳಿಯೋಣ.