‘ಒಲ್ಲೆ’ ಎಂಬುದನ್ನು ಕೇಳಬಲ್ಲ ಕಿವಿ

ವಚನಗಾಯನದ ಸಭೆಗಳಲ್ಲಿ ತಾಳಕ್ಕೆ ತಲೆದೂಗಿ, ಅಂಕಿತನಾಮ ಬಂದೊಡನೆ ಚಪ್ಪಾಳೆಯಿಕ್ಕಿ, ಶರಣಸಾಹಿತ್ಯದ ರಸವನ್ನೆಲ್ಲ ಸವಿದೆವೆಂಬ ತೃಪ್ತಿಯಿಂದ ಮನೆಗೆ ಮರಳುವವರನ್ನು ಕಂಡು ಕಂಡು ನನಗೆ ಬೇಸರವಾಗಿದೆ. ಹೊಸಬರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ವಚನವನ್ನು ಕೇಳುವ ಮುನ್ನ ‘ಒಲ್ಲೆ’ ಎಂಬ ಒಂದು ಪದವನ್ನು ಕೇಳಲು ಕಲಿಯಿರಿ.

ಮೈಸೂರು ಸೀಮೆಯವರು ‘ಬೇಡ’ ಎನ್ನುವಲ್ಲಿ ಬೀದರ, ಭಾಲ್ಕಿ, ಔರಾದಗಳ ಮಂದಿ ‘ಒಲ್ಲೆ’ ಎನ್ನುತ್ತಾರೆ. ಇದನ್ನು ಒರಟು ಹಳ್ಳಿಮಾತೆಂದು ಮೂಗುಮುರಿಯುವ ಪಂಡಿತಂಮನ್ಯರು, ಒಲವು ಒಲುಮೆಗಳಿಗೆ ಜನ್ಮವಿತ್ತ ‘ಒಲ್’ ಧಾತುವಿನ ನಿಷೇಧರೂಪವೇ ಇದೆಂಬುದನ್ನು ಮರೆಯುತ್ತಾರೆ. ಹಳಗನ್ನಡದ ‘ಒಲ್ಲೆಂ’ ಎಂಬಲ್ಲಿ ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಕಾಲವನ್ನು ಸೂಚಿಸುವ ಪ್ರತ್ಯಯವೇ ಇಲ್ಲ. ಆದಕಾರಣ ಒಲ್ಲೆನೆಂದವನು ಅಂದೂ ಒಲ್ಲ, ಇಂದೂ ಒಲ್ಲ, ಮುಂದೂ ಒಲ್ಲ. ‘ಬೇಡ’ ಎಂಬುದು ವಸ್ತುವನ್ನು ದೂರಮಾಡುತ್ತದೆ. ‘ಒಲ್ಲೆ’ಯಲ್ಲಿ ನುಡಿದವನ ಮನಸ್ಸೇ ಕರ್ತೃವಾಗಿ ನಿಲ್ಲುತ್ತದೆ. ಮಳೆ ತಡವಾದಾಗ ಉತ್ತರ ಕರ್ನಾಟಕದ ರೈತನು ‘ಬರವಲ್ದು’ ಎನ್ನುವಾಗ ಮಳೆಗೂ ಒಂದು ಮನಸ್ಸನ್ನು ಕೊಟ್ಟಿರುತ್ತಾನೆ.

ವಚನಗಳಲ್ಲಿಯೂ ಇದೇ ಧಾತು ಕೇಳುತ್ತದೆ. ಬಸವಣ್ಣನವರಲ್ಲಿ ಡಾಂಭಿಕ ಭಕ್ತಿಯನ್ನು ಕೂಡಲಸಂಗಮದೇವ ‘ಒಲ್ಲ’. ಆತನು ಒಲಿದರೆ ಆಗುವ ಅದ್ಭುತಗಳನ್ನು ಅವರೇ ಬೇರೊಂದು ವಚನದಲ್ಲಿ ಎಣಿಸುತ್ತಾರೆ. ಅಕ್ಕಮಹಾದೇವಿಯು ಅಳಿವಿಲ್ಲದ ಚೆಲುವನಿಗೆ ‘ಒಲಿದೆ’ನೆಂದು ನುಡಿದಾಗ ಅಳಿಯುವ ಗಂಡರ ಪಾಲಿಗೆ ‘ಒಲ್ಲೆ’ನೆಂದು ಬೇರೆ ಹೇಳಬೇಕಾಗಿಯೇ ಇಲ್ಲ.

ಭಾಲ್ಕಿಯ ಮನೆಯೊಂದರಲ್ಲಿ, ಮಗನು ಇನ್ನೊಂದು ರೊಟ್ಟಿ ನೀಡಬಂದಾಗ ವೃದ್ಧೆಯೊಬ್ಬಳು ತಟ್ಟೆಗೆ ಕೈಯಡ್ಡ ಹಿಡಿದು ‘ಒಲ್ಲೆ ಯಪ್ಪಾ’ ಎಂದಳು. ನಿರಾಕರಣೆಯೊಳಗೇ ವಾತ್ಸಲ್ಯವಿದ್ದ ಆ ಧ್ವನಿಯನ್ನು ಕೇಳಿದಂದು ನನಗೆ ವಚನಗಳ ಕದ ತೆರೆಯಿತು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರಿನಲ್ಲಿ ಅದನ್ನು ಕೇಳಿದ್ದು ನನ್ನ ಭಾಗ್ಯ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1786ರಲ್ಲಿ ತನ್ನ ನಾಡನುಡಿಯ ಕವಿತೆಗಳನ್ನು ಅಚ್ಚುಹಾಕಿಸಿದಾಗ ಪದಕೋಶವೊಂದನ್ನು ಜೊತೆಗಿಟ್ಟನು; ನಮ್ಮ ಪದಕೋಶವೋ ಇಂತಹ ಅಡುಗೆಮನೆಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ವಚನಗಳನ್ನು ಹಾಡುವಾಗ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಪದವನ್ನು ರಾಗದ ಆಳಾಗಿಸಲಿಲ್ಲ. ಹೆಸರಾಂತ ಗಾಯಕರೊಬ್ಬರು ‘ಒಲ್ಲನಯ್ಯಾ’ ಎಂಬುದನ್ನು ತಾನಗಳಲ್ಲಿ ಚೂರುಚೂರು ಮಾಡಿದುದನ್ನೂ ಕೇಳಿದ್ದೇನೆ. ಸಭೆ ‘ವಾಹ್ ವಾಹ್’ ಎಂದಿತು!

ಅಂಕಿತ, ಶರಣರ ಆರು ಹಂತಗಳ ಸಾಧನಾಮಾರ್ಗವಾದ ಷಟ್‌ಸ್ಥಲ ಇವುಗಳ ವಿಚಾರಕ್ಕೆ ಗ್ರಂಥಗಳುಂಟು; ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ 1923ರಲ್ಲಿಯೇ ಬಂದಿತು. ಕಿವಿಯನ್ನು ಮಾತ್ರ ನೀವೇ ಪಳಗಿಸಬೇಕು: ಮುಂದಿನ ಕಛೇರಿಗೆ ಹೋಗುವ ಮುನ್ನ, ವಾದ್ಯವಿಲ್ಲದೆ, ನಿಮ್ಮದೇ ಕಂಠದಲ್ಲಿ ಒಂದು ವಚನವನ್ನು ಗಟ್ಟಿಯಾಗಿ ಓದಿರಿ; ‘ಒಲ್ಲ’ ಎಂಬಲ್ಲಿ ತುಸು ನಿಲ್ಲಿರಿ.